ಗೋಡೆಯಾಚೆ ಕಾಲಿಟ್ಟ ಮೇರಿ ವಾರ್ಡ್

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ ಇಂಗ್ಲಿಷ್-ಕನ್ನಡ ನಿಘಂಟನ್ನು ಎದೆಗವಚಿಕೊಂಡು ಬಂದಳು. ಏಳನೆಯ ತರಗತಿಯಲ್ಲಿ ಓದುತ್ತಾಳೆ. ಪ್ರಶ್ನೆ ಕೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

“ಅಂಕಲ್, ಕಾನ್ವೆಂಟ್ ಅಂದ್ರೆ ಇಂಗ್ಲಿಷ್ ಮೀಡಿಯಂ ಸ್ಕೂಲು ತಾನೆ? ಇದರಲ್ಲಿ ಬೇರೆ ಏನೋ ಇದೆ” ಎಂದು ಪುಟ ತೆರೆದು ತೋರಿಸಿದಳು. ‘ಕ್ರೈಸ್ತ ಸನ್ಯಾಸಿನಿಯರ ಮಠ’ ಎಂದಿತ್ತು. ಹಿಂದೆಯೇ ಬಂದ ಅವಳ ತಂದೆ ನಕ್ಕರು. “ಹಾಗಾದರೆ ನಾನು ಸಾಲ ಮಾಡಿ ಡೊನೇಷನ್ ಕಟ್ಟಿದ್ದು ಮಠಕ್ಕೇನು ಸಾರ್?”

ನಿಘಂಟು ಸುಳ್ಳು ಹೇಳಿರಲಿಲ್ಲ. ಹುಡುಗಿಯದೂ ತಪ್ಪಲ್ಲ. ನಮ್ಮಲ್ಲಿ ಆ ಪದ ತನ್ನ ತವರನ್ನು ಬಿಟ್ಟು ಬಹಳ ದೂರ ಬಂದುಬಿಟ್ಟಿದೆ. ಗಣಪತಿಯ ಹೆಸರಿನ ಕಾನ್ವೆಂಟೂ ಉಂಟು, ಸರಸ್ವತಿಯ ಹೆಸರಿನ ಕಾನ್ವೆಂಟೂ ಉಂಟು. ಅಲ್ಲಿ ಹುಡುಕಿದರೂ ಒಬ್ಬ ಸನ್ಯಾಸಿನಿ ಸಿಗುವುದಿಲ್ಲ. ಮಗುವಿಗೆ ಟೈ, ಷೂ, ಇಂಗ್ಲಿಷ್ ಪದ್ಯ ಇವಿಷ್ಟಿದ್ದರೆ ಅದು ಕಾನ್ವೆಂಟ್.

ಮೂಲದಲ್ಲಿ ಇದು ಲ್ಯಾಟಿನ್ ಪದ. ಒಟ್ಟಾಗಿ ಸೇರುವುದು ಎಂದು ಅದರ ಅರ್ಥ. ಮುಂದೆ ಸನ್ಯಾಸಿನಿಯರು ಒಟ್ಟಾಗಿ ಬಾಳುವ ಮನೆಗೆ ಆ ಹೆಸರು ನಿಂತಿತು. ಆ ಮನೆಗೆ ಎತ್ತರದ ಗೋಡೆಯಿತ್ತು, ಬಾಗಿಲಿಗೆ ಬೀಗವಿತ್ತು. ಒಳಗೆ ಹೋದವಳು ಹೊರಗೆ ಬರುವಂತಿರಲಿಲ್ಲ. ಅಂಥ ಬೀಗ ಹಾಕಿದ ಮನೆಯ ಹೆಸರು, ಬೆಳಗಾದರೆ ನೂರಾರು ಮಕ್ಕಳು ಗಲಗಲ ಎನ್ನುತ್ತ ನುಗ್ಗುವ ಶಾಲೆಗೆ ಬಂದದ್ದಾದರೂ ಹೇಗೆ? ಇದಕ್ಕೆ ಒಬ್ಬರೇ ಕಾರಣರೆಂದು ಹೇಳಲಾಗದು. ಆದರೆ ಆ ಬೀಗದ ವಿಷಯವಾಗಿ ಎಲ್ಲರಿಗಿಂತ ಹೆಚ್ಚು ಬೆಲೆ ತೆತ್ತವಳು ಒಬ್ಬಳಿದ್ದಾಳೆ. ಅವಳ ಹೆಸರು ಮೇರಿ ವಾರ್ಡ್. ಅವಳ ಕತೆಯನ್ನು ಈ ವಾರ ಮಕ್ಕಳೂ ಓದಲಿ, ತಂದೆತಾಯಿಗಳೂ ಓದಲಿ ಎಂಬುದು ನನ್ನ ಆಸೆ.

ಮೇರಿ ಹುಟ್ಟಿದ್ದು 1585ರ ಜನವರಿ 23ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಮಲ್ವಿತ್ ಎಂಬಲ್ಲಿ. ಮನೆತನ ಸ್ಥಿತಿವಂತರದೇ. ಆದರೆ ಕಾಲ ಚೆನ್ನಾಗಿರಲಿಲ್ಲ. ಒಂದನೆಯ ಎಲಿಜಬೆತ್ ರಾಣಿಯ ಆಳ್ವಿಕೆ. ದೇಶಕ್ಕೆಲ್ಲ ಪ್ರಾಟೆಸ್ಟೆಂಟ್ ಚರ್ಚೇ ಅಧಿಕೃತ. ಕ್ಯಾಥೊಲಿಕರು ತಮ್ಮ ಪೂಜೆಯನ್ನು ಕದ್ದುಮುಚ್ಚಿ ಮಾಡಬೇಕು. ಸರ್ಕಾರಿ ಚರ್ಚಿಗೆ ಹೋಗದಿದ್ದರೆ ದಂಡ. ಪಾದ್ರಿ ಸಿಕ್ಕಿಬಿದ್ದರೆ ಅವನಿಗೆ ಮರಣದಂಡನೆಯೂ ಆಗಬಹುದು. ಮೇರಿಯ ಅಜ್ಜಿ ಅರ್ಸುಲಾ ರೈಟ್ ತನ್ನ ನಂಬಿಕೆ ಬಿಡಲಿಲ್ಲವೆಂಬ ಒಂದೇ ಕಾರಣಕ್ಕೆ ಸುಮಾರು 14 ವರ್ಷ ಸೆರೆಮನೆಯಲ್ಲಿದ್ದು ಬಂದವಳು. ಆ ಅಜ್ಜಿಯ ಮನೆಯಲ್ಲಿ ಮೇರಿ ಐದು ವರ್ಷ ಬೆಳೆದಳು. ಪಾರ್ಲಿಮೆಂಟ್ ಭವನವನ್ನೇ ಸಿಡಿಮದ್ದಿಟ್ಟು ಹಾರಿಸಲು 1605ರಲ್ಲಿ ಕೆಲವರು ಸಂಚು ಹೂಡಿದ್ದನ್ನು ವಿದ್ಯಾರ್ಥಿಗಳು ಇತಿಹಾಸದ ಪುಸ್ತಕದಲ್ಲಿ ಓದಿರಬಹುದು. ಗೈ ಫಾಕ್ಸ್ ಸಿಕ್ಕಿಬಿದ್ದ ಆ ಸಂಚಿನಲ್ಲಿ ಮೇರಿಯ ಇಬ್ಬರು ಸೋದರಮಾವಂದಿರೂ ಇದ್ದರು. ಇಬ್ಬರೂ ಸೈನಿಕರ ಗುಂಡಿಗೆ ಬಲಿಯಾದರು.

ಒಂದೇ ಮನೆತನದಲ್ಲಿ ಎರಡು ದಾರಿಗಳನ್ನು ನೋಡಿ. ಮಾವಂದಿರು ಸಿಡಿಮದ್ದನ್ನು ನಂಬಿದರು. ಸೊಸೆ ಪಾಠಶಾಲೆಯನ್ನು ನಂಬಿದಳು.

ಆದರೆ ಅವಳಿಗೆ ಆ ದಾರಿ ಒಮ್ಮೆಗೇ ಹೊಳೆಯಲಿಲ್ಲ. ಹದಿನೈದರ ಸುಮಾರಿಗೆ ಸನ್ಯಾಸಿನಿಯಾಗಬೇಕೆಂಬ ಮನಸ್ಸಾಯಿತು. ಇಂಗ್ಲೆಂಡಿನಲ್ಲಿ ಆಗ ಸನ್ಯಾಸಿನಿಯರ ಮಠಗಳೇ ಇರಲಿಲ್ಲ. 1606ರಲ್ಲಿ ಕಡಲು ದಾಟಿ ಸೇಂಟ್ ಓಮೇರ್ ಎಂಬ ಊರಿಗೆ ಹೋದಳು. ಇಂದು ಅದು ಫ್ರಾನ್ಸಿನಲ್ಲಿದೆ, ಅಂದು ಸ್ಪೇನಿನ ಅಧೀನದಲ್ಲಿತ್ತು. ಅಲ್ಲಿ ‘ಪುವರ್ ಕ್ಲೇರ್’ ಎಂಬ ಕಠಿಣ ವ್ರತದ ಸನ್ಯಾಸಿನಿಯರನ್ನು ಸೇರಿದಳು. ಜಮೀನುದಾರನ ಮಗಳಿಗೆ ಮಠದವರು ಕೊಟ್ಟ ಕೆಲಸ ಬೀದಿಬೀದಿ ತಿರುಗಿ ಭಿಕ್ಷೆ ತರುವುದು. ಮಾಡಿದಳು. ಮುಂದೆ ತನ್ನ ದೇಶದ ಹೆಣ್ಣುಮಕ್ಕಳಿಗಾಗಿಯೇ ಅಂಥದೊಂದು ಮಠವನ್ನು ಕಟ್ಟಿಸಲು ತನ್ನ ಪಾಲಿನ ಹಣವನ್ನೂ ಹಾಕಿದಳು. ಆದರೂ ಮನಸ್ಸು ಒಪ್ಪಲಿಲ್ಲ. ದೇವರು ತನ್ನಿಂದ ಬಯಸುವುದು ಬೇರೆ ಏನೋ ಇದೆ ಎನ್ನಿಸಿತು. 1609ರಲ್ಲಿ ಮಠ ಬಿಟ್ಟು ಹೊರಬಂದಳು. ಆಗ ಅವಳಿಗೆ 24 ವರ್ಷ. ಮದುವೆಯೂ ಬೇಡ, ಮಠವೂ ಬೇಡ ಎಂದರೆ ಅಂದಿನ ಸಮಾಜದಲ್ಲಿ ಹೆಣ್ಣಿಗೆ ನಿಲ್ಲಲು ನೆಲವೇ ಇರಲಿಲ್ಲ.

ಇಲ್ಲಿ ಆ ಕಾಲದ ಒಂದು ಕಟ್ಟಳೆಯನ್ನು ತಿಳಿಯದೆ ಮುಂದೆ ಹೋಗುವಂತಿಲ್ಲ. 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆ ಕ್ಯಾಥೊಲಿಕ್ ಸನ್ಯಾಸಿನಿಯರು ಮಠದ ಗೋಡೆಯೊಳಗೇ ಇರತಕ್ಕದ್ದು ಎಂದು ವಿಧಿಸಿತ್ತು. 1566ರಲ್ಲಿ ಐದನೆಯ ಪಿಯುಸ್ ಪೋಪರು ಅದನ್ನು ಇನ್ನಷ್ಟು ಬಿಗಿ ಮಾಡಿದರು. ಹಳೆಯ ಕೆಲವು ಮಠಗಳಲ್ಲಿ ಶಿಸ್ತು ಹಾಳಾಗಿತ್ತು, ಅದನ್ನು ಸರಿಪಡಿಸಬೇಕಿತ್ತು ಎಂಬುದು ನಿಜ. ಆದರೆ ಔಷಧ ಎಲ್ಲರಿಗೂ ಒಂದೇ ಆಯಿತು. ಹೆಣ್ಣಿಗೆ ಗಂಡನಾದರೂ ಇರಬೇಕು, ಇಲ್ಲವೇ ಗೋಡೆಯಾದರೂ ಇರಬೇಕು ಎಂಬ ನಾಣ್ಣುಡಿಯೇ ಯೂರೋಪಿನಲ್ಲಿತ್ತು. ಇಟಲಿಯ ಆಂಜೆಲಾ ಮೆರಿಚಿ ಎಂಬಾಕೆ 1535ರಲ್ಲಿ ಸ್ಥಾಪಿಸಿದ ಉರ್ಸುಲೈನ್ ಸಂಘದ ಹೆಂಗಸರು ಮೊದಲು ತಂತಮ್ಮ ಮನೆಗಳಲ್ಲಿದ್ದೇ ಸೇವೆ ಮಾಡುತ್ತಿದ್ದರು. ಕಾಲಕ್ರಮದಲ್ಲಿ ಅವರಲ್ಲಿ ಅನೇಕರನ್ನು ಗೋಡೆಯೊಳಗೆ ಸೇರಿಸಲಾಯಿತು. ಅಲ್ಲಿಂದಲೇ ಅವರು ಹುಡುಗಿಯರಿಗೆ ಪಾಠ ಹೇಳಿದರು.

ಮೇರಿಯ ಜೊತೆಗೆ ಇಂಗ್ಲೆಂಡಿನಿಂದ ಕೆಲವು ಗೆಳತಿಯರು ಹೊರಟುಬಂದರು. ವಿನಿಫ್ರೆಡ್ ವಿಗ್ಮೋರ್, ಬಾರ್ಬರಾ ಬ್ಯಾಬ್‌ತಾರ್ಪ್, ಎಲ್ಲರಿಗಿಂತ ಕಿರಿಯಳಾದ ಮೇರಿ ಪಾಯಿಂಟ್ಜ್. ಎಲ್ಲರೂ ಸೇರಿ ಸೇಂಟ್ ಓಮೇರಿನಲ್ಲೇ ಒಂದು ಮನೆ ಹಿಡಿದು ಶಾಲೆ ತೆರೆದರು. ತಾಯ್ನಾಡಿನಲ್ಲಿ ತಮ್ಮ ಧರ್ಮದ ಶಿಕ್ಷಣ ಸಿಗದ ಇಂಗ್ಲಿಷ್ ಹುಡುಗಿಯರು ಅಲ್ಲೇ ಇದ್ದು ಓದುತ್ತಿದ್ದರು. ಊರಿನ ಹುಡುಗಿಯರಿಗೆ ಹಗಲು ಶಾಲೆ, ಅದಕ್ಕೆ ಶುಲ್ಕವಿಲ್ಲ. ಓದು, ಬರಹ, ಹೊಲಿಗೆ, ಸಂಗೀತ ಇವುಗಳ ಜೊತೆಗೆ ಲ್ಯಾಟಿನ್ ಭಾಷೆಯನ್ನೂ ಕಲಿಸುತ್ತಿದ್ದರು. ಲ್ಯಾಟಿನ್ ಎಂದರೆ ಅಂದು ಪಂಡಿತರ ಭಾಷೆ, ಗಂಡಸರ ಸೊತ್ತು. ಮಕ್ಕಳಿಂದ ನಾಟಕವನ್ನೂ ಆಡಿಸುತ್ತಿದ್ದರು.

1611ರಲ್ಲಿ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ, ಮೇರಿಗೆ ತನ್ನ ಸಂಘದ ರೂಪ ಸ್ಪಷ್ಟವಾಯಿತು. ಯೇಸುಸಭೆಯ ಪಾದ್ರಿಗಳಿಗೆ, ಅಂದರೆ ಜೆಸ್ವಿಟರಿಗೆ ಯಾವ ನಿಯಮವಿದೆಯೋ ಅದೇ ನಿಯಮ ತಮಗೂ ಬೇಕು. ಬಿಡಿಸಿ ಹೇಳುವುದಾದರೆ ಅವಳ ಕೋರಿಕೆ ನಾಲ್ಕು. ಕೆಲಸವಿದ್ದ ಕಡೆ ಹೋಗಿಬರಲು ಅಡ್ಡಿಯಾಗುವ ಗೋಡೆ ಬೇಡ. ಜನರಿಂದ ಬೇರೆಯಾಗಿ ಕಾಣಿಸುವ ಸನ್ಯಾಸದ ಉಡುಪು ಬೇಡ. ಆಯಾ ಊರಿನ ಬಿಷಪ್ಪರ ಕೈಕೆಳಗೆ ಬೇಡ, ನೇರವಾಗಿ ಪೋಪರಿಗೆ ಅಧೀನರಾಗಿರುತ್ತೇವೆ. ಕೊನೆಯದು, ಎಲ್ಲ ಮನೆಗಳನ್ನೂ ನೋಡಿಕೊಳ್ಳುವ ಮುಖ್ಯಸ್ಥೆ ಹೆಂಗಸೇ ಆಗಿರಲಿ.

ಇಂದು ಓದಿದರೆ ಇದರಲ್ಲಿ ಅಷ್ಟೊಂದು ಆಕ್ಷೇಪಿಸುವಂಥದೇನಿದೆ ಎನಿಸುತ್ತದೆ. ಅಂದು ಗುಲ್ಲೆದ್ದಿತು. ಜೆಸ್ವಿಟರಿಗೇ ಇದು ಇಷ್ಟವಾಗಲಿಲ್ಲ. ತಮ್ಮ ಸಭೆಗೆ ಸ್ತ್ರೀಯರ ಶಾಖೆ ಬೇಡವೆಂದು ಅವರ ಸಂಸ್ಥಾಪಕ ಇಗ್ನೇಷಿಯಸ್ ಲೊಯೋಲರೇ ಹೇಳಿಹೋಗಿದ್ದರು. ಇಂಗ್ಲೆಂಡಿನ ಇತರ ಪಾದ್ರಿಗಳಿಗೆ ಜೆಸ್ವಿಟರ ಮೇಲೆ ಮೊದಲೇ ಮುನಿಸು. ಆ ಸಿಟ್ಟೂ ಈ ಹೆಂಗಸರ ತಲೆಯ ಮೇಲೆ ಬಂತು. ‘ಓಡಾಡುವ ಹುಡುಗಿಯರು’, ‘ಹೆಣ್ಣು ಜೆಸ್ವಿಟರು’ ಎಂದೆಲ್ಲ ಹಾಸ್ಯ ಮಾಡಿದರು. ರೋಮಿಗೆ ದೂರುಗಳು ಹೋದವು. ಹೆಂಗಸರು ಬುದ್ಧಿಯಲ್ಲಿ ದುರ್ಬಲರು, ಚಂಚಲರು, ಇಂಥ ಕೆಲಸ ಅವರಿಂದಾಗದು ಎಂಬುದೇ ಆ ದೂರುಗಳ ಸಾರ.

1617ರ ಒಂದು ಪ್ರಸಂಗವಿದೆ. ಯಾರೋ ಈ ಸಂಘದ ಉತ್ಸಾಹವನ್ನು ಹೊಗಳಿದಾಗ ಒಬ್ಬ ಪಾದ್ರಿ, ಈ ಹುರುಪು ಹೊಸತರಲ್ಲಿ ಇರುತ್ತದೆ, ಎಷ್ಟಾದರೂ ಅವರು ಹೆಂಗಸರೇ ತಾನೆ ಎಂದರಂತೆ. ಮಾತು ಮೇರಿಯ ಕಿವಿಗೆ ಬಿತ್ತು. ಅವಳು ಆ ಪಾದ್ರಿಯ ಮೇಲೆ ಹರಿಹಾಯಲಿಲ್ಲ. ತನ್ನ ಜೊತೆಯವರನ್ನು ಕೂರಿಸಿಕೊಂಡು ಪಾಠ ಹೇಳುವಂತೆ ವಿವರಿಸಿದಳು. ಉತ್ಸಾಹ ತಗ್ಗಿದರೆ ಅದು ನಾವು ಹೆಂಗಸರಾದ್ದರಿಂದಲ್ಲ, ನಾವು ಅಪೂರ್ಣರಾದ್ದರಿಂದ, ಸತ್ಯಕ್ಕಿಂತ ಸುಳ್ಳನ್ನು ಹೆಚ್ಚು ಪ್ರೀತಿಸುವುದರಿಂದ. ಗಂಡಿಗೂ ಹೆಣ್ಣಿಗೂ ಈ ವಿಷಯದಲ್ಲಿ ಭೇದವಿಲ್ಲ. ಮುಂದಿನ ಕಾಲದಲ್ಲಿ ಹೆಂಗಸರು ದೊಡ್ಡ ಕೆಲಸಗಳನ್ನು ಮಾಡುವುದನ್ನು ಲೋಕ ನೋಡಲಿದೆ. ಅವಳ ಮಾತಿನ ತಿರುಳು ಇಷ್ಟು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಮಗಳಿಗೆ ‘ಹೆಣ್ಣುಮಕ್ಕಳಿಗೆ ಗಣಿತ ಹತ್ತುವುದಿಲ್ಲ ಬಿಡು’ ಎಂದು ಸಮಾಧಾನ ಹೇಳುವ ಮನೆಗಳಲ್ಲಿ ಈ ಉತ್ತರವನ್ನು ಬರೆದು ಗೋಡೆಗೆ ತೂಗುಹಾಕಬಹುದು.

ಶಾಲೆಗಳು ಬೆಳೆದವು. ಲಿಯೆಜ್, ಕೊಲೋನ್, ಟ್ರಿಯರ್ ಊರುಗಳಲ್ಲಿ ಮನೆಗಳಾದವು. ಆದರೆ ಪೋಪರ ಮಂಜೂರಾತಿ ಇಲ್ಲದೆ ಎಷ್ಟು ದಿನ? 1621ರ ಅಕ್ಟೋಬರಿನಲ್ಲಿ ಬ್ರಸೆಲ್ಸಿನಿಂದ ಕೆಲವೇ ಜೊತೆಗಾರರೊಂದಿಗೆ ಮೇರಿ ರೋಮಿಗೆ ಹೊರಟಳು. ದಾರಿಯ ಬಹುಭಾಗ ಕಾಲ್ನಡಿಗೆ. ಚಳಿಗಾಲದ ಆಲ್ಪ್ಸ್ ಪರ್ವತ. ಯುದ್ಧದ ಭಯ, ದರೋಡೆಕೋರರ ಭಯ. ಸಾಲದ್ದಕ್ಕೆ ಮೇರಿಯದು ಕಾಯಿಲೆಯ ಮೈ. ಡಿಸೆಂಬರ್ 24ರಂದು, ಕ್ರಿಸ್‌ಮಸ್ಸಿನ ಹಿಂದಿನ ದಿನ, ರೋಮ್ ಮುಟ್ಟಿದರು. ಹದಿನೈದನೆಯ ಗ್ರೆಗರಿ ಪೋಪರು ಆದರದಿಂದ ಕಂಡರು. ಆದರೆ ಒಪ್ಪಿಗೆಯ ಮುದ್ರೆ ಬೀಳಲಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿತ್ತು. ನಮ್ಮ ತಾಲ್ಲೂಕು ಕಚೇರಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೈಕಟ್ಟಿ ಕೂರುವುದು ಮೇರಿಯ ಜಾಯಮಾನವಲ್ಲ. ನಮ್ಮ ಕೆಲಸವನ್ನು ಕಣ್ಣಾರೆ ನೋಡಿ ತೀರ್ಮಾನಿಸಿ ಎಂಬಂತೆ ರೋಮಿನಲ್ಲೇ ಬಡ ಹುಡುಗಿಯರಿಗೆ ಶಾಲೆ ತೆರೆದಳು. ನೇಪಲ್ಸ್, ಪೆರೂಜಾ ಊರುಗಳಲ್ಲೂ ತೆರೆದಳು. 1625ರಲ್ಲಿ ರೋಮಿನ ಶಾಲೆಯನ್ನು ಮುಚ್ಚಿಸಲಾಯಿತು. ಅವಳು ಮತ್ತೆ ಆಲ್ಪ್ಸ್ ದಾಟಿ ಜರ್ಮನಿಯತ್ತ ನಡೆದಳು. 1627ರಲ್ಲಿ ಬವೇರಿಯಾದ ಅರಸ ಮ್ಯಾಕ್ಸಿಮಿಲಿಯನ್ ಮ್ಯೂನಿಕ್ ನಗರದಲ್ಲಿ ಒಂದು ದೊಡ್ಡ ಮನೆಯನ್ನೇ ಬಿಟ್ಟುಕೊಟ್ಟ. ಚಕ್ರವರ್ತಿ ಎರಡನೆಯ ಫರ್ಡಿನೆಂಡ್ ವಿಯೆನ್ನಾಕ್ಕೆ ಕರೆಸಿಕೊಂಡ. 1628ರಲ್ಲಿ ಪ್ರೆಸ್‌ಬರ್ಗ್, ಅಂದರೆ ಇಂದಿನ ಬ್ರಾಟಿಸ್ಲಾವಾದಲ್ಲಿ ಶಾಲೆಯಾಯಿತು. ಲೆಕ್ಕ ಹಾಕಿದರೆ ಇಪ್ಪತ್ತು ವರ್ಷಗಳೊಳಗೆ ಹತ್ತು ಊರು.

ಅಷ್ಟರಲ್ಲಿ ರೋಮಿನಲ್ಲಿ ಗಾಳಿ ತಿರುಗಿತ್ತು. ಮನೆಗಳನ್ನು ಒಂದೊಂದಾಗಿ ಮುಚ್ಚುವ ಆದೇಶ ಆಯಾ ಊರುಗಳಿಗೆ ಬರತೊಡಗಿತು. ಇದು ವಿರೋಧಿಗಳ ಕೈವಾಡ, ಪೋಪರಿಗೆ ಗೊತ್ತಿಲ್ಲ ಎಂದೇ ಮೇರಿ ನಂಬಿದಳು. 1630ರ ಏಪ್ರಿಲಿನಲ್ಲಿ ಟ್ರಿಯರಿನ ತನ್ನ ಸೋದರಿಯರಿಗೆ, ಆ ಆದೇಶಕ್ಕೆ ಬಗ್ಗಬೇಡಿ ಎಂದು ಪತ್ರ ಬರೆದುಬಿಟ್ಟಳು. ಅದು ಅವಳ ತಪ್ಪು ಲೆಕ್ಕ. ಆದೇಶದ ಹಿಂದೆ ಪೋಪರ ಒಪ್ಪಿಗೆಯೇ ಇತ್ತು. ಆ ಪತ್ರ ವಿರೋಧಿಗಳ ಕೈಸೇರಿ ಅವಳ ಮೇಲೆಯೇ ಸಾಕ್ಷಿಯಾಯಿತು. ಒಳ್ಳೆಯವರು ತಪ್ಪು ಮಾಡುವುದಿಲ್ಲವೆಂದು ಮಕ್ಕಳಿಗೆ ನಾವು ಹೇಳಬಾರದು. ತಪ್ಪಾದ ಮೇಲೆ ಅವರು ಹೇಗೆ ನಡೆದುಕೊಂಡರು ಎಂಬುದನ್ನು ಹೇಳಬೇಕು.

1631ರ ಜನವರಿ 13ರ ದಿನಾಂಕ ಹೊತ್ತ ಪೋಪ್ ಎಂಟನೆಯ ಅರ್ಬನರ ಆಜ್ಞೆ ಹೊರಬಿತ್ತು. ಅದರ ಭಾಷೆ ಕಠೋರ. ಚರ್ಚಿನ ಹೊಲದಲ್ಲಿ ಬೆಳೆದ ಕೆಟ್ಟ ಗಿಡವನ್ನು ಬೇರುಸಹಿತ ಕೀಳಬೇಕೆನ್ನುವ ಧಾಟಿ. ಸಂಘ ರದ್ದು. ಮನೆಗಳು ಖಾಲಿಯಾಗಬೇಕು. ಸೋದರಿಯರು ಚದುರಿಹೋಗಬೇಕು. ತವರು ಬಿಟ್ಟು ಪರದೇಶದಲ್ಲಿ ಪಾಠ ಹೇಳಿಕೊಂಡಿದ್ದ ಹೆಂಗಸರು ಒಮ್ಮೆಲೇ ದಿಕ್ಕಿಲ್ಲದವರಾದರು. ಫೆಬ್ರವರಿ 7ರಂದು ಮ್ಯೂನಿಕ್‌ನಲ್ಲಿ ಮೇರಿಯನ್ನೇ ಬಂಧಿಸಿದರು. ಆರೋಪ ಧರ್ಮದ್ರೋಹ. ಆ ಪದ ಆ ಕಾಲದಲ್ಲಿ ಪ್ರಾಣಕ್ಕೇ ಕುತ್ತು ತರುವಂಥದು.

ಸೆರೆಯಿಟ್ಟದ್ದು ಎಲ್ಲಿ ಗೊತ್ತೆ? ಪುವರ್ ಕ್ಲೇರ್ ಸನ್ಯಾಸಿನಿಯರ ಮಠದಲ್ಲೇ. ಯಾವ ಗೋಡೆ ತನಗಲ್ಲವೆಂದು ಹೊರಬಂದಿದ್ದಳೋ ಅದೇ ಗೋಡೆಯ ಹಿಂದಿನ ಒಂದು ಗಾಳಿಯಿಲ್ಲದ ಕೋಣೆ. ಹೊರಗಿನವರೊಂದಿಗೆ ಮಾತಿಲ್ಲ, ಪತ್ರವಿಲ್ಲ. ಆದರೆ ಜೊತೆಗಾರರು ಊಟ, ಔಷಧ, ಬಟ್ಟೆ ಕಳಿಸಬಹುದಿತ್ತು. ಆ ಸಾಮಾನು ಸುತ್ತಿಬಂದ ಕಾಗದದ ಮೇಲೆ ಮೇರಿ ನಿಂಬೆರಸದಿಂದ ಬರೆದಳು. ನೋಡಿದವರಿಗೆ ಬರಿಯ ಕಾಗದ. ಗೆಳತಿಯರು ಅದನ್ನು ಬೆಂಕಿಯ ಹತ್ತಿರ ಹಿಡಿದರೆ ಅಕ್ಷರ ಮೂಡುತ್ತಿತ್ತು. ಇಂಥ ಪತ್ರಗಳಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಇಂದಿಗೂ ಉಳಿದಿವೆ. ಮಕ್ಕಳೇ, ನೀವೂ ಮಾಡಿ ನೋಡಬಹುದು. ನಿಂಬೆರಸದಲ್ಲಿ ಬರೆದು ಒಣಗಿಸಿ, ಅಮ್ಮನ ಕೈಯಿಂದ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಆಡಿಸಿ. ರಸ ತಾಗಿದ ಕಡೆ ಕಾಗದಕ್ಕಿಂತ ಮೊದಲೇ ಕಂದುಬಣ್ಣ ಬರುತ್ತದೆ. ವಿಜ್ಞಾನದ ಈ ಸಣ್ಣ ಪಾಠ ಒಬ್ಬ ಉಪಾಧ್ಯಾಯಿನಿಗೆ ಸೆರೆಮನೆಯಲ್ಲಿ ಒದಗಿಬಂತು.

ಸೆರೆಯಲ್ಲಿ ಅವಳಿಗೆ ಕಾಯಿಲೆ ಉಲ್ಬಣಿಸಿ ಸಾಯುವ ಸ್ಥಿತಿ ಬಂತು. ಕ್ಯಾಥೊಲಿಕರಿಗೆ ಮರಣಕಾಲದ ಸಂಸ್ಕಾರ ಬಹು ಮುಖ್ಯ. ಅದು ಬೇಕಾದರೆ ಒಂದು ಕಾಗದಕ್ಕೆ ಸಹಿ ಹಾಕು ಎಂದರು. ತಾನು ಧರ್ಮದ್ರೋಹಿಯಾಗಿದ್ದೆ ಎಂದು ಪರೋಕ್ಷವಾಗಿಯಾದರೂ ಒಪ್ಪಿಕೊಂಡಂತಾಗುವ ಕಾಗದ ಅದು. ಮಾಡದ ತಪ್ಪನ್ನು ಒಪ್ಪಲಾರೆ ಎಂದು ನಿರಾಕರಿಸಿದಳು. ಹೇಗೋ ಬದುಕಿ ಉಳಿದಳು. ಏಪ್ರಿಲಿನಲ್ಲಿ ರೋಮಿನಿಂದ ಬಿಡುಗಡೆಯ ಆದೇಶ ಬಂತು. ಮುಂದೆ ರೋಮಿಗೆ ಹೋಗಿ ಪೋಪರನ್ನು ಕಂಡಳು. ತಾನು ಧರ್ಮದ್ರೋಹಿಯಲ್ಲ, ಎಂದೂ ಆಗಿರಲಿಲ್ಲ ಎಂದಳು. ಅರ್ಬನರು ಆ ಮಾತನ್ನು ಒಪ್ಪಿದರು. ಆಕೆಯ ಮೇಲಿನ ಆರೋಪ ಹೋಯಿತು. ಆದರೆ ಸಂಘದ ಮೇಲಿನ ನಿಷೇಧ ಹಾಗೆಯೇ ಉಳಿಯಿತು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮೇರಿ ಬೈಯಲಿಲ್ಲ, ಚರ್ಚನ್ನು ಬಿಡಲೂ ಇಲ್ಲ. ತನ್ನ ನಂಬಿಕೆಯನ್ನೂ ಬಿಡಲಿಲ್ಲ. ವ್ರತ ತೊಟ್ಟ ಸನ್ಯಾಸಿನಿಯರೆಂಬ ಹೆಸರು ಬೇಡವೇ? ಸರಿ, ಸಾಮಾನ್ಯ ಹೆಂಗಸರಾಗಿಯೇ ಒಟ್ಟಿಗಿದ್ದು ಮಕ್ಕಳಿಗೆ ಪಾಠ ಹೇಳುತ್ತೇವೆ ಎಂದು ಕೆಲವರು ಮ್ಯೂನಿಕ್‌ನಲ್ಲಿ ಉಳಿದರು. 1639ರಲ್ಲಿ ಮೇರಿ ಇಂಗ್ಲೆಂಡಿಗೆ ಮರಳಿದಳು. ಅಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಹೊತ್ತಿಕೊಂಡಿತು. ಯಾರ್ಕ್ ನಗರದ ಪಕ್ಕದ ಹೆವರ್ತ್ ಹಳ್ಳಿಯಲ್ಲಿ 1645ರ ಜನವರಿ 30ರಂದು ತೀರಿಕೊಂಡಳು. 60 ವರ್ಷ ತುಂಬಿ ವಾರವಾಗಿತ್ತು. ಕ್ಯಾಥೊಲಿಕಳಿಗೆ ಸ್ಮಶಾನ ಸಿಗುವುದೂ ಕಷ್ಟ. ಆಸ್‌ಬಾಲ್ಡ್‌ವಿಕ್ ಹಳ್ಳಿಯ ಪ್ರಾಟೆಸ್ಟೆಂಟ್ ಪಾದ್ರಿಗೆ ಸ್ವಲ್ಪ ಕೈಬಿಸಿ ಮಾಡಿ ಅಲ್ಲಿ ಹೂಳಿದರು. ಸಮಾಧಿಯ ಕಲ್ಲಿನ ಮೇಲೆ ಸಂಘದ ಸುದ್ದಿಯನ್ನೇ ಎತ್ತುವಂತಿರಲಿಲ್ಲ. ಬಡವರನ್ನು ಪ್ರೀತಿಸುವುದು, ಅದರಲ್ಲಿ ಕೊನೆತನಕ ನಿಲ್ಲುವುದು, ಇದೇ ಇವಳ ಗುರಿಯಾಗಿತ್ತು ಎಂಬರ್ಥದ ನಾಲ್ಕು ಮಾತು ಕೆತ್ತಿಸಿದರು. ಆ ಕಲ್ಲನ್ನು ಈಗ ಆ ಊರಿನ ಚರ್ಚಿನೊಳಗೆ ಇಟ್ಟಿದ್ದಾರೆ.

ಮುಂದಿನದು ಶಿಷ್ಯೆಯರ ಕತೆ. ಅದೂ ಸಣ್ಣದಲ್ಲ. 1686ರಲ್ಲಿ ಫ್ರಾನ್ಸಿಸ್ ಬೆಡಿಂಗ್‌ಫೀಲ್ಡ್ ಎಂಬ ಸೋದರಿ ಯಾರ್ಕ್ ನಗರದ ಕೋಟೆ ಬಾಗಿಲ ಬಳಿ ಗುಟ್ಟಾಗಿ ಒಂದು ಮನೆ ಮಾಡಿದಳು. ಅದೇ ಇಂದಿನ ಬಾರ್ ಕಾನ್ವೆಂಟ್. ಮುಂದಿನ ಶತಮಾನದಲ್ಲಿ ಅಲ್ಲಿ ಕಟ್ಟಿದ ಪ್ರಾರ್ಥನಾಮಂದಿರದ ಗೋಪುರ ಹೊರಗಿನವರಿಗೆ ಕಾಣದಂತೆ ಮಾಮೂಲಿ ಛಾವಣಿಯ ಕೆಳಗೆ ಅಡಗಿದೆ. ಹಿಡಿಯಲು ಬಂದರೆ ತಪ್ಪಿಸಿಕೊಳ್ಳಲೆಂದು ಅದಕ್ಕೆ ಎಂಟು ಬಾಗಿಲು. ಜರ್ಮನಿಯಲ್ಲಿ ಇವರನ್ನು ಜನ ‘ಇಂಗ್ಲಿಷ್ ಹೆಂಗಸರು’ ಎಂದೇ ಕರೆದು ತಮ್ಮ ಹೆಣ್ಣುಮಕ್ಕಳನ್ನು ಕಳಿಸಿಕೊಟ್ಟರು. 1703ರಲ್ಲಿ ಹನ್ನೊಂದನೆಯ ಕ್ಲೆಮೆಂಟ್ ಪೋಪರು ಇವರ ನಿಯಮಾವಳಿಗೆ ಸಮ್ಮತಿಯಿತ್ತರು. ಹೆಂಗಸರನ್ನು ಹೆಂಗಸರೇ ಆಳಿಕೊಳ್ಳಲಿ ಬಿಡಿ ಎಂದು ಅವರು ಹೇಳಿದರೆಂದು ಪ್ರತೀತಿ.

ಆದರೆ 1749ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಒಂದು ವಿಚಿತ್ರ ತೀರ್ಪು ಕೊಟ್ಟರು. ಸಂಘ ಇರಲಿ, ಅದಕ್ಕೊಬ್ಬ ಮುಖ್ಯಸ್ಥೆಯೂ ಇರಲಿ. ಆದರೆ ಇದನ್ನು ಕಟ್ಟಿದವಳು ಮೇರಿ ವಾರ್ಡ್ ಎಂದು ಯಾರೂ ಹೇಳಬಾರದು. ಕಾರಣ, ಅವಳ ಸಂಘ 1631ರಲ್ಲೇ ರದ್ದಾಗಿದೆ, ಇದು ಬೇರೆಯದು ಎಂಬ ವಾದ. ಮಕ್ಕಳು ಹೆತ್ತ ತಾಯಿಯ ಹೆಸರನ್ನು ಬಾಯಲ್ಲಿ ಎತ್ತಬಾರದು ಎಂದ ಹಾಗಾಯಿತು. ಹೆದರಿದ ಕೆಲವು ಮನೆಗಳಲ್ಲಿ ಅವಳ ಕಾಗದಪತ್ರಗಳನ್ನು ಸುಟ್ಟರು. ಎಲ್ಲರೂ ಸುಡಲಿಲ್ಲ. ಅವಳ ಬಾಳನ್ನು ಚಿತ್ರಿಸಿದ 50 ದೊಡ್ಡ ವರ್ಣಚಿತ್ರಗಳು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಇಂದಿಗೂ ಇವೆ. ಬಾಯಲ್ಲಿ ಹೇಳಬಾರದ ಹೆಸರನ್ನು ಗೋಡೆ ಹೇಳುತ್ತಿತ್ತು.

1877ರಲ್ಲಿ ಸಂಘಕ್ಕೆ ಪೂರ್ಣ ಮಾನ್ಯತೆ ಸಿಕ್ಕಿತು. 1909ರಲ್ಲಿ ಹತ್ತನೆಯ ಪಿಯುಸ್ ಪೋಪರು, ಮೇರಿ ವಾರ್ಡಳನ್ನು ಸಂಸ್ಥಾಪಕಿ ಎಂದು ಕರೆಯಬಹುದು ಎಂದರು. ಮೊದಲ ಶಾಲೆಗೆ ಆಗ 300 ವರ್ಷ ತುಂಬುತ್ತಿತ್ತು. ರದ್ದಾದ ಆಜ್ಞೆಯಿಂದ ಎಣಿಸಿದರೆ 278 ವರ್ಷ. ಅವಳು ಮೊದಲು ಕೇಳಿದ ಜೆಸ್ವಿಟರ ನಿಯಮಾವಳಿಯೂ ಕೊನೆಗೆ ಸಂಘಕ್ಕೆ ದಕ್ಕಿತು. 2004ರಲ್ಲಿ ಜರ್ಮನ್ ಪರಂಪರೆಯ ಶಾಖೆ ‘ಕಾಂಗ್ರೆಗಾಸಿಯೊ ಯೇಸು’ ಎಂಬ ಹೆಸರು ತಳೆಯಿತು. 2009ರ ಡಿಸೆಂಬರಿನಲ್ಲಿ ಹದಿನಾರನೆಯ ಬೆನೆಡಿಕ್ಟ್ ಪೋಪರು ಮೇರಿಯನ್ನು ‘ಪೂಜ್ಯಳು’ ಎಂದು ಸಾರಿದರು. ಧರ್ಮದ್ರೋಹಿ ಎಂದ ಪೀಠವೇ ಪೂಜ್ಯಳೆಂದಿತು.

ಈ ಪರಂಪರೆ ನಮ್ಮ ದೇಶಕ್ಕೂ ಬಂದಿದೆ. ಬಾರ್ ಕಾನ್ವೆಂಟಿನಲ್ಲಿ ಓದಿದ ಐರ್ಲೆಂಡಿನ ಹುಡುಗಿ ತೆರೇಸಾ ಬಾಲ್ ಅಲ್ಲೇ ಸನ್ಯಾಸಿನಿಯಾಗಿ, 1821ರಲ್ಲಿ ತಾಯ್ನಾಡಿಗೆ ಮರಳಿ, ಡಬ್ಲಿನ್ ಹತ್ತಿರ ತನ್ನ ಮಠಕ್ಕೆ ‘ಲೊರೆಟೊ’ ಎಂದು ಹೆಸರಿಟ್ಟಳು. ಲೊರೆಟೊ ಇಟಲಿಯ ಯಾತ್ರಾಸ್ಥಳ. ರೋಮಿಗೆ ನಡೆದುಹೋಗುವಾಗ ಮೇರಿ ವಾರ್ಡ್ ಅಲ್ಲಿ ಪ್ರಾರ್ಥಿಸಿದ್ದಳು. 1841ರ ಡಿಸೆಂಬರ್ ಕೊನೆಗೆ ಲೊರೆಟೊ ಸೋದರಿಯರ ತಂಡ ಕಲ್ಕತ್ತೆಗೆ ಬಂದಿಳಿಯಿತು. 1853ರಲ್ಲಿ ಜರ್ಮನ್ ಶಾಖೆಯವರು ಪಾಟ್ನಾದ ಬಂಕಿಪುರಕ್ಕೆ ಬಂದರು.

1929ರಲ್ಲಿ ಕಲ್ಕತ್ತೆಗೆ ಬಂದ ಲೊರೆಟೊ ಸೋದರಿಯೊಬ್ಬಳನ್ನು ನೀವೆಲ್ಲ ಬಲ್ಲಿರಿ. ಆಕೆಯೇ ಮದರ್ ತೆರೇಸಾ. ಎಂಟಾಲಿಯ ಸೇಂಟ್ ಮೇರೀಸ್ ಶಾಲೆಯಲ್ಲಿ ಪಾಠ ಹೇಳಿದರು, ಮುಖ್ಯೋಪಾಧ್ಯಾಯಿನಿಯಾದರು. ಆದರೆ ಬಡವರ ಬೀದಿಗಿಳಿದು ಸೇವೆ ಮಾಡಬೇಕೆಂಬ ಕರೆ ಬಂದಾಗ ಅವರಿಗೂ ಎದುರಾದದ್ದು ಗೋಡೆಯೇ! ಲೊರೆಟೊ ಸನ್ಯಾಸಿನಿಯರು ಅಂದು ಬಹುಮಟ್ಟಿಗೆ ಆವರಣದೊಳಗೇ ಇರಬೇಕಿತ್ತು. ಗೋಡೆ ಬೇಡವೆಂದವಳ ಸಂಘ, ಬದುಕಿ ಉಳಿಯುವುದಕ್ಕಾಗಿ ಗೋಡೆಯನ್ನು ಒಪ್ಪಿಕೊಂಡಿತ್ತು. 1948ರಲ್ಲಿ ರೋಮಿನಿಂದ ವಿಶೇಷ ಅನುಮತಿ ಬಂದ ಮೇಲೆಯೇ ಮದರ್ ತೆರೇಸಾ ಹೊರಗೆ ಕಾಲಿಟ್ಟರು. ಮೇರಿ ವಾರ್ಡ್ ಇಡಲು ಹೊರಟ ಹೆಜ್ಜೆಯನ್ನು 300 ವರ್ಷಗಳ ಮೇಲೆ ಅವಳ ಪರಂಪರೆಯಲ್ಲಿ ಬೆಳೆದವರೊಬ್ಬರು ಮತ್ತೆ ಇಟ್ಟರು ಎಂದರೆ ತಪ್ಪಾಗದು.

ನಮ್ಮ ಮಂಗಳೂರಿಗೆ 1870ರಲ್ಲಿ ಬಂದ ಅಪೋಸ್ತಲಿಕ್ ಕಾರ್ಮೆಲ್ ಸೋದರಿಯರದು ಬೇರೆ ಸಂಘ, ಬೇರೆ ಪರಂಪರೆ. ಅವರು 1921ರಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆದಾಗ ಕರಾವಳಿಯ ಎಷ್ಟೋ ಮನೆಗಳ ಹೆಣ್ಣುಮಕ್ಕಳು, ಜಾತಿಮತದ ಭೇದವಿಲ್ಲದೆ, ಪದವಿಯ ಮುಖ ಕಂಡರು. ಆದರೆ ಸನ್ಯಾಸಿನಿ ಊರೂರಿಗೆ ಹೋಗಿ ಶಾಲೆ ನಡೆಸಬಹುದು ಎಂಬುದು ಅಷ್ಟರಲ್ಲಿ ಸಹಜವಾಗಿತ್ತು. ಅದು ಸಹಜವಾಗಲು ಯಾರು ಯಾರು ಸೆರೆಗೆ ಹೋದರು ಎಂಬುದು ಮರೆತುಹೋಗಿತ್ತು.

ಇದನ್ನೆಲ್ಲ ಕೇಳಿ ಮುಗಿದ ಮೇಲೆ ನಮ್ಮ ಬೀದಿಯ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅವಳಿಗೆ ಕೊನೆಗೂ ಗೆದ್ದೆ ಅಂತ ಗೊತ್ತಾಗಲೇ ಇಲ್ವಾ ಅಂಕಲ್?” ಎಂದಳು. ಇಲ್ಲಮ್ಮ, ಗೊತ್ತಾಗಲಿಲ್ಲ ಎಂದೆ. ಅವಳು ಕಣ್ಣು ಮುಚ್ಚುವಾಗ ಕಂಡದ್ದು ಮುಚ್ಚಿದ ಶಾಲೆಗಳು, ಚದುರಿದ ಗೆಳತಿಯರು. ಅವಳ ಕೈಯಲ್ಲಿ ಉಳಿದದ್ದು ಅವಳು ಕಲಿಸಿದವರು ಮಾತ್ರ. ಆದರೆ ಕಲಿತವರು ಇನ್ನೊಬ್ಬರಿಗೆ ಕಲಿಸಿದರು. ಆಜ್ಞೆ ಕಟ್ಟಡವನ್ನು ಮುಚ್ಚಿಸಬಹುದು, ಹೆಸರನ್ನು ಅಳಿಸಬಹುದು. ಒಬ್ಬ ಹುಡುಗಿ ಕಲಿತ ಅಕ್ಷರವನ್ನು ಹಿಂದಕ್ಕೆ ಕೇಳುವ ಆಜ್ಞೆ ಎಲ್ಲಿಯೂ ಇಲ್ಲ.

‘ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ’ ಎಂದು ನಮ್ಮ ಊರಿನ ಶಾಲೆಯ ಗೋಡೆಯ ಮೇಲೆ ಬರೆದಿರುತ್ತದೆ. ಓಡಾಡುವಾಗ ಓದಿ ಮುಂದೆ ಹೋಗುತ್ತೇವೆ. ಪಿಯುಸಿ ಮುಗಿಸಿದ ಮಗಳನ್ನು ಬೇರೆ ಊರಿನ ಕಾಲೇಜಿಗೆ ಕಳಿಸಬೇಕೇ ಎಂಬ ಪ್ರಶ್ನೆ ಬಂದಾಗ ಮಾತ್ರ ನಮ್ಮ ಮನೆಯ ಗೋಡೆ ಎಷ್ಟು ಎತ್ತರವೆಂದು ನಮಗೇ ತಿಳಿಯುತ್ತದೆ. ತಂದೆತಾಯಿಗಳು ದಯವಿಟ್ಟು ಅದನ್ನು ಒಮ್ಮೆ ಅಳೆದು ನೋಡಿ. ಮಕ್ಕಳು ಕಾನ್ವೆಂಟ್ ಎಂಬ ಪದ ಕಂಡಾಗ ಟೈ, ಷೂಗಳ ಜೊತೆಗೆ ನಿಂಬೆರಸದಲ್ಲಿ ಪತ್ರ ಬರೆದ ಆ ಉಪಾಧ್ಯಾಯಿನಿಯನ್ನೂ ನೆನೆಯಲಿ.